ಕಂಬದ ದೀಪಕ್ಕೊಂದು ಅರ್ಜಿ, ಅಜ್ಜಿಗೊಂದು ಕಾಗದ: ಬರೆಯುವುದು ಹೇಗೆ?

ಪ್ರಶ್ನೆ, ಪುಣೆಯಿಂದ

ನಾನು ಓದಿದ್ದೆಲ್ಲ ಪುಣೆಯಲ್ಲಿ. ಕನ್ನಡ ಅಕ್ಷರಗಳನ್ನು ಅಮ್ಮ ಕಲಿಸಿದರು. ಓದಬಲ್ಲೆ, ಬರೆಯುವಾಗ ತಡವರಿಸುತ್ತೇನೆ. ಈಗ ಎರಡು ಕಾಗದ ಬರೆಯಬೇಕಾಗಿದೆ. ಒಂದು, ಅರಸೀಕೆರೆ ತಾಲ್ಲೂಕಿನ ನಮ್ಮೂರಿನ ಗ್ರಾಮ ಪಂಚಾಯಿತಿಗೆ: ಅಜ್ಜಿಯ ಮನೆಯ ಮುಂದಿನ ಬೀದಿದೀಪ ಕೆಟ್ಟು ತಿಂಗಳುಗಳಾದವು. ಇನ್ನೊಂದು ಅಜ್ಜಿಗೇ. ಅವರಿಗೆ ಕಿವಿ ಮಂದ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಆದರೆ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಎರಡನ್ನೂ ‘ಆತ್ಮೀಯರೇ’ ಎಂದು ಶುರು ಮಾಡಿ ಅಲ್ಲೇ ನಿಂತಿದ್ದೇನೆ. ಬರೆದು ರೂಢಿಯಿರುವವರು ದಾರಿ ತೋರಿಸಿ.

ತಾಲ್ಲೂಕು ಕಚೇರಿಯೊಂದರ ಟಪಾಲು ವಿಭಾಗದಲ್ಲಿದ್ದು ನಿವೃತ್ತರಾದವರು

ನಿಮ್ಮ ಅರ್ಜಿಯನ್ನು ಮೊದಲು ಓದುವವರು ಅಧಿಕಾರಿಯಲ್ಲ, ನನ್ನಂಥ ಗುಮಾಸ್ತ. ನಾನು ನೋಡುತ್ತಿದ್ದುದು ಮೂರೇ: ಯಾರಿಂದ, ಯಾರಿಗೆ, ವಿಷಯ. ವಿಷಯದ ಸಾಲು ನೋಡಿ ಯಾವ ಮೇಜಿಗೆ ಹೋಗಬೇಕೆಂದು ಗುರುತು ಹಾಕಿ, ಆವಕ ವಹಿಯಲ್ಲಿ ಬರೆದು, ಮುದ್ರೆ ಒತ್ತಿ ಕಳಿಸುತ್ತಿದ್ದೆ. ಒಮ್ಮೆ ಒಬ್ಬ ರೈತರು ನಾಲ್ಕು ಪುಟ ಬರೆದುಕೊಟ್ಟರು. ತಾತನ ಕಾಲದ ಪಾಲುಪಾರಿಕತ್ತಿನಿಂದ ಆರಂಭ, ವಿಷಯದ ಸಾಲೇ ಇಲ್ಲ. ಜಮೀನಿನ ತಕರಾರು ಎಂದುಕೊಂಡು ಅತ್ತ ಕಳಿಸಿದೆ. ಅವರಿಗೆ ಬೇಕಾಗಿದ್ದುದು ಪಹಣಿಯಲ್ಲಿ ಹೆಸರಿನ ಒಂದಕ್ಷರದ ತಿದ್ದುಪಡಿ. ಅದಿದ್ದುದು ನಾಲ್ಕನೇ ಪುಟದ ಕೊನೆಯ ಸಾಲಿನಲ್ಲಿ. ಅರ್ಜಿ ಸುತ್ತಾಡಿ ನನ್ನ ಮೇಜಿಗೇ ಮರಳಿದಾಗ ಎರಡು ತಿಂಗಳಾಗಿತ್ತು. ಪೂರ್ತಿ ಓದದ ತಪ್ಪು ನನ್ನದೇ. ಆದರೆ ದಿನಕ್ಕೆ ಅಷ್ಟೊಂದು ಕಾಗದ ಬರುವ ಕಡೆ ಯಾರೂ ಪೂರ್ತಿ ಓದುವುದಿಲ್ಲ ಎಂದೇ ತಿಳಿದು ಬರೆಯಿರಿ.

ಆದ್ದರಿಂದ ‘ವಿಷಯ: ಕುಂದುಕೊರತೆಗಳ ಬಗ್ಗೆ’ ಎಂದು ಬೇಡ. ‘ವಿಷಯ: ಇಂಥ ಗ್ರಾಮದ ಇಂಥ ಬೀದಿಯ, ಇಂಥ ಸಂಖ್ಯೆಯ ಕಂಬದ ಬೀದಿದೀಪ ದುರಸ್ತಿ ಕುರಿತು’ ಎಂದಿರಲಿ. ಕಂಬದ ಮೇಲೆ ಸಂಖ್ಯೆ ಬರೆದಿದ್ದರೆ ಅದನ್ನೇ ಹಾಕಿ. ‘ನಮ್ಮ ಅಜ್ಜಿಯ ಮನೆ ಎದುರು’ ಎಂದರೆ ದೀಪ ಹಾಕುವವನಿಗೆ ನಿಮ್ಮ ಅಜ್ಜಿ ಯಾರೆಂದು ತಿಳಿಯದು. ವಿಳಾಸದಲ್ಲಿ ‘ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು’ ಎಂದು ಹುದ್ದೆ ಬರೆಯಿರಿ, ಹೆಸರು ಬೇಡ. ಅವರು ನಾಳೆ ವರ್ಗವಾಗಿ ಹೋಗಬಹುದು. ಒಂದು ಅರ್ಜಿಯಲ್ಲಿ ಒಂದೇ ವಿಷಯ. ದೀಪದ ಜೊತೆಗೆ ಚರಂಡಿಯನ್ನೂ ಸೇರಿಸಿದರೆ ಎರಡೂ ಕೆಡುತ್ತವೆ. ಎಂದಿನಿಂದ ಕೆಟ್ಟಿದೆ, ಯಾರಿಗೆ ತೊಂದರೆ, ಏನು ಮಾಡಬೇಕು: ಆರೇಳು ಸಾಲು ಸಾಕು. ಹಿಂದೆ ಕೊಟ್ಟ ಅರ್ಜಿ ಇದ್ದರೆ ‘ಉಲ್ಲೇಖ’ ಎಂದು ಅದರ ದಿನಾಂಕ ಹಾಕಿ. ಎಲ್ಲಕ್ಕಿಂತ ಮುಖ್ಯ, ಎರಡು ಪ್ರತಿ ಒಯ್ದು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಅದಿಲ್ಲದಿದ್ದರೆ ನೀವು ಅರ್ಜಿ ಕೊಟ್ಟೇ ಇಲ್ಲ.

ಪ್ರೌಢಶಾಲೆಯ ಕನ್ನಡ ಶಿಕ್ಷಕಿ

ಹಿರಿಯರು ಹೇಳಿದ್ದಕ್ಕೆ ಸೇರಿಸುವುದು ಸ್ವಲ್ಪ. ‘ಇಂದ’, ‘ಗೆ’ ಎಂದು ಒಂಟಿಯಾಗಿ ಒಂದೊಂದು ಸಾಲಿನಲ್ಲಿ ಬರೆಯುವುದನ್ನು ದಯವಿಟ್ಟು ಬಿಡಿ. ಅವು ವಿಭಕ್ತಿ ಪ್ರತ್ಯಯಗಳು, ಪದವಿಲ್ಲದೆ ನಿಲ್ಲಲಾರವು. ಇಂಗ್ಲಿಷ್ ಪತ್ರದ ನಮೂನೆಯನ್ನು ನೋಡಿ ಹಾಗೆ ರೂಢಿಯಾಗಿದೆ. ‘ಇವರಿಂದ’, ‘ಇವರಿಗೆ’ ಎಂದರೆ ಸರಿಹೋಗುತ್ತದೆ. ‘ತಾವುಗಳು’ ಕೂಡ ಬೇಡ, ‘ತಾವು’ ಈಗಾಗಲೇ ಬಹುವಚನ. ಆರಂಭಕ್ಕೆ ‘ಮಾನ್ಯರೇ’, ಮುಕ್ತಾಯಕ್ಕೆ ‘ವಂದನೆಗಳೊಂದಿಗೆ, ತಮ್ಮ ವಿಶ್ವಾಸಿ’, ಕೆಳಗೆ ಸಹಿ. ಪರೀಕ್ಷೆಯಲ್ಲಿ ‘ನಿಮ್ಮನ್ನು ಇಂಥವರೆಂದು ಭಾವಿಸಿ ಪತ್ರ ಬರೆಯಿರಿ’ ಎಂದು ಕೇಳುತ್ತೇವೆ. ಮಕ್ಕಳು ಯಾರೋ ಆಗಿ ಯಾರಿಗೋ ಬರೆದು ಅಂಕ ತೆಗೆದುಕೊಳ್ಳುತ್ತಾರೆ, ತಾವೇ ಆಗಿ ಬರೆಯುವ ಹೊತ್ತಿಗೆ ನಿಮ್ಮ ಹಾಗೆ ನಿಲ್ಲುತ್ತಾರೆ. ತಪ್ಪು ನಮ್ಮದೂ ಇದೆ.

ಧಾರವಾಡದ ಗೃಹಿಣಿ

ಅಜ್ಜಿಯ ಕಾಗದದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ನನ್ನ ಮದುವೆಯಾದ ಹೊಸತರಲ್ಲಿ ಅವ್ವ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಳು. ಜಾಗ ಮುಗಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದಳು, ನಿಜವಾದ ಸುದ್ದಿ ಇರುತ್ತಿದ್ದುದು ಅಲ್ಲೇ.

ಮೇಲೆ ‘ಶ್ರೀ’, ‘ಕ್ಷೇಮ’ ಬರೆಯುವುದನ್ನು ಮರೆಯಬೇಡಿ. ಆ ಕಾಲದವರು ಅದಿಲ್ಲದ ಕಾಗದ ಕಂಡರೆ ಸಾವಿನ ಸುದ್ದಿಯೇನೋ ಎಂದು ಹೆದರುತ್ತಾರೆ. ‘ಪೂಜ್ಯ ಅಜ್ಜಿಯವರಿಗೆ ನಿಮ್ಮ ಮೊಮ್ಮಗ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ’ ಎಂದು ಆರಂಭಿಸಿ. ಹಳೆಯ ಮಾತು ಎನಿಸಿದರೂ ಆ ಒಂದು ಸಾಲು ದಾಟಿದರೆ ಕೈ ತಾನೇ ಓಡುತ್ತದೆ. ಆಮೇಲೆ ಶಾಸ್ತ್ರ ಬಿಡಿ. ಬೆಳಿಗ್ಗೆ ಏನು ತಿಂದಿರಿ, ಬಾಡಿಗೆ ಎಷ್ಟು, ಎದುರು ಮನೆಯವರು ಎಂಥವರು, ಎಲ್ಲ ಬರೆಯಿರಿ. ‘ಎಲ್ಲವೂ ಚೆನ್ನಾಗಿದೆ’ ಎಂದು ಮುಗಿಸಿದರೆ ಅವರು ಅದರಲ್ಲಿ ಓದುವುದೇನು? ಅಕ್ಷರ ದಪ್ಪಗಿರಲಿ, ಹಾಳೆಯ ಒಂದೇ ಬದಿಗೆ ಬರೆಯಿರಿ. ಉತ್ತರಕ್ಕೆ ನಿಮ್ಮ ವಿಳಾಸ ಬರೆದ ಇನ್‌ಲ್ಯಾಂಡ್ ಒಂದನ್ನು ಲಕೋಟೆಯೊಳಗೆ ಇಡಿ. ಆರೋಗ್ಯ ಹೇಗಿದೆ ಎಂದಷ್ಟೇ ಕೇಳಬೇಡಿ. ಅವರು ಎದ್ದು ಹೋಗಿ ನೋಡಿಕೊಂಡು ಬಂದು ಬರೆಯುವಂಥದ್ದನ್ನು ಏನಾದರೂ ಕೇಳಿ.

ಹಾಸನದ ಕಡೆಯ ಇನ್ನೊಬ್ಬರು

ಅರ್ಜಿಗೆ ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ 150 ಪದ ಮೀರಬಾರದು, ಒಂದೇ ವಿಷಯವಿರಬೇಕು. ‘ಏಕೆ ದುರಸ್ತಿ ಮಾಡಿಲ್ಲ’ ಎಂದು ಜಗಳ ತೆಗೆಯಬೇಡಿ. ‘ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ’ ಎಂದು ಕೇಳಿ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಕಂಬದ ಸಂಖ್ಯೆ ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಬರೆದ ಕಾಗದದಲ್ಲೇ ಅದನ್ನು ಕೇಳಿದೆ. ನಿನ್ನೆ ಉತ್ತರ ಬಂತು. ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ಹೋಗಿ ಓದಿಸಿದ್ದಾರಂತೆ. ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಾರೆ. ಅಂಚಿನಲ್ಲಿ ಅಡ್ಡಲಾಗಿ: ‘ಕೆಟ್ಟಿರುವುದು ಒಂದಲ್ಲ, ಎರಡು ಕಂಬ. ದೇವಸ್ಥಾನದ ಹತ್ತಿರದ್ದನ್ನೂ ಸೇರಿಸು. ನಿನ್ನ ಒತ್ತಕ್ಷರ ಸರಿಯಿಲ್ಲ.’ ಅರ್ಜಿಯನ್ನು ಮತ್ತೆ ಬರೆಯುತ್ತಿದ್ದೇನೆ. ಟಪಾಲು ವಿಭಾಗದ ಹಿರಿಯರೇ, ಎರಡು ಕಂಬ ಎಂದರೆ ಒಂದೇ ವಿಷಯವೋ, ಎರಡೋ?