ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವನು ಎಂಜಿನಿಯರ್ ಆಗಬಹುದಾ? ಆದವರು ಹೇಳಿ

ಅರಸೀಕೆರೆ ಫಿಟ್ಟರ್ (ಕೇಳಿದವರು):
ಏರ್‌ಫೋರ್ಸ್‌ನಲ್ಲಿ ಸಾರ್ಜೆಂಟ್, ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲಿನ ರಿಪೇರಿ ನೋಡೋವನು. ಪಿಯುಸಿ ಮುಗಿಸಿ ಬೆಳಗಾವಿ ಹತ್ತಿರದ ಏರ್‌ಫೋರ್ಸ್ ತರಬೇತಿ ಶಾಲೆ, ಸಾಂಬ್ರಾ ಗೇಟು ಹೊಕ್ಕವನು, ಬರುವ ವರ್ಷ 20 ತುಂಬುತ್ತೆ, ಹೊರಗೆ ಬರ್ತೀನಿ. ವಯಸ್ಸು 38. ಮನೆಯಲ್ಲಿ ಎಲ್ಲರದ್ದೂ ಒಂದೇ ರಾಗ: ಬ್ಯಾಂಕ್ ಪರೀಕ್ಷೆ ಕಟ್ಟು, ಇಲ್ಲಾಂದ್ರೆ ಎಲ್ಲಾದ್ರೂ ಸೆಕ್ಯುರಿಟಿ ಆಫೀಸರ್ ಆಗು. ನನಗೆ ವಿಮಾನದ ಕೆಲಸವೇ ಬೇಕು, ಅದೂ ಎಂಜಿನಿಯರ್ ಆಗಿ. ಆಗುತ್ತಾ? ಸುತ್ತಿ ಬಳಸಿ ಬೇಡ, ನಿಮಗೆ ಆದದ್ದು ಹೇಳಿ.

ಜಾಲಹಳ್ಳಿ ಹಳಬ:
ಆಗುತ್ತೆ ತಮ್ಮಾ. ನಾನೂ ನಿನ್ನ ಟ್ರೇಡೇ. ಹೊರಗೆ ಬಂದು ಒಂಬತ್ತು ವರ್ಷ, ಈಗ ದೇವನಹಳ್ಳಿ ಕಡೆ ವಿಮಾನದ ಬಿಡಿಭಾಗ ಮಾಡೋ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್. ಮೊದಲನೇ ವರ್ಷ ಹೇಗೆ ಕಳೆದೆ ಅನ್ನೋದು ಮಾತ್ರ ನನಗೇ ಗೊತ್ತು.

ಸೇರಿದ ಮೂರನೇ ವಾರ ಒಂದು ಪಾರ್ಟ್ ಬಂತು. ರಿವೆಟ್ ತೂತು ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದು. ಕಣ್ಣು ಮುಚ್ಚಿ ‘ರಿಜೆಕ್ಟ್’ ಅಂತ ಬರೆದೆ. ಮ್ಯಾನೇಜರ್ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ. “ಯಾಕೆ ರಿಜೆಕ್ಟ್ ಸಾರ್?” ಅಂದಳು. “ಲಿಮಿಟ್ ಮೀರಿದೆ ಮೇಡಂ.” “ಅದು ನನಗೂ ಕಾಣುತ್ತೆ. ಹೀಗೇ ಬಳಸಿದ್ರೆ ಏನಾಗುತ್ತೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ, ಕೇಳೋ ಹಾಗೂ ಇರಲಿಲ್ಲ. ಸ್ಕ್ವಾಡ್ರನ್‌ನಲ್ಲಿ ಮ್ಯಾನ್ಯುಯಲ್ ಮೀರದೆ ಇರೋದೇ ನಮ್ಮ ಕಸುಬು, ವಿಮಾನದ ಕೆಲಸದ ದಾಖಲೆ ಪುಸ್ತಕ ಫಾರ್ಮ್ 700ರಲ್ಲಿ ಸಹಿ ಹಾಕೋದೂ ಆ ಮಾತಿಗೇ. ಎಂಜಿನಿಯರ್ ಆದವನು ಮ್ಯಾನ್ಯುಯಲ್ ಬಾಯಿಬಿಡದ ಕಡೆ ತೀರ್ಮಾನ ಬರೆದು ಕೆಳಗೆ ತನ್ನ ಹೆಸರು ಹಾಕಬೇಕು. ಎರಡೂ ಸಹಿಯೇ. ಎರಡನೆಯದು ಹಾಕುವಾಗ ಮೊದಮೊದಲು ಕೈ ನಡುಗುತ್ತೆ.

ತೂತು ದೊಡ್ಡದಾದರೆ ಮುಂದಿನ ಅಳತೆಯ ರಿವೆಟ್ ಹಾಕಬಹುದು, ಆದರೆ ತೂತಿನ ನಡುವಿನಿಂದ ಹಾಳೆಯ ಅಂಚಿಗೆ ರಿವೆಟ್ ವ್ಯಾಸದ ಎರಡರಷ್ಟಾದರೂ ಉಳಿದಿರಬೇಕು. ಇದು ನಿನಗೂ ಬಾಯಿಪಾಠ. ಯಾಕೆ ಎರಡರಷ್ಟು? ಕಡಿಮೆಯಾದರೆ ಭಾರ ಬಿದ್ದಾಗ ರಿವೆಟ್ ತಾನು ತುಂಡಾಗೋ ಮೊದಲೇ ಹಾಳೆಯನ್ನ ಅಂಚಿನ ಕಡೆಗೆ ಹರಿದುಕೊಂಡು ಹೋಗುತ್ತೆ. ಆ ‘ಯಾಕೆ’ಗೋಸ್ಕರ ಮಗಳ ಪಿಯುಸಿ ಗಣಿತದ ಪುಸ್ತಕದಿಂದ ಶುರು ಮಾಡಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ವರೆಗೆ ಮತ್ತೆ ಓದಿದೆ. ಅಂದಹಾಗೆ ಆ ಪಾರ್ಟ್ ಉಳೀತು. ಲೆಕ್ಕ ಹಾಕಿ, ಗಿರಾಕಿ ಕಂಪನಿಯ ಒಪ್ಪಿಗೆ ತಗೊಂಡು ಕಳಿಸಿದರು.

ಈಗ ಸರ್ಟಿಫಿಕೇಟ್ ವಿಷಯ. 15 ವರ್ಷ ಸರ್ವಿಸಿಗೆ ಸಿಗೋ ಪದವಿ ಸಮಾನ ಸರ್ಟಿಫಿಕೇಟು ಗ್ರೂಪ್ ಸಿ ಗುಮಾಸ್ತಿಕೆಗೆ ನಡೆಯುತ್ತೆ, ತಾಂತ್ರಿಕ ಓದು ಕೇಳೋ ಕಡೆ ನಡೆಯಲ್ಲ. ನಾನು ಸರ್ವಿಸ್‌ನಲ್ಲಿದ್ದಾಗಲೇ ಏರೋನಾಟಿಕಲ್ ಸೊಸೈಟಿ ಆಫ್ ಇಂಡಿಯಾ ಅನ್ನೋ ಸಂಘದ ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ಆ ದಾರಿಗೆ ಡಿಗ್ರಿ ಸಮಾನ ಅನ್ನೋ ಮಾನ್ಯತೆ 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ. ಈಗ ಅದನ್ನ ನೆಚ್ಚಿಕೊಳ್ಳಬೇಡ. ‘ಮನೆಯಲ್ಲೇ ಕೂತು ಬಿ.ಟೆಕ್’ ಅಂತ ಫೋನ್ ಮಾಡೋರು ಬಂದೇ ಬರ್ತಾರೆ, ನಮ್ಮ ಪೆನ್ಷನ್ ದುಡ್ಡಿನ ವಾಸನೆ ಅವರಿಗೆ ಬೇಗ ಹತ್ತುತ್ತೆ. ಅಂಚೆ ತೆರಪಿನ ಎಂಜಿನಿಯರಿಂಗ್ ಡಿಗ್ರಿ ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ಹೇಳಿದೆ. ಡಿಪ್ಲೊಮಾ ಮಾಡಿಕೊಂಡರೆ ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು, ಕೆಲಸ ಮಾಡುತ್ತಾ ಓದೋರಿಗೆ ಬೆಂಗಳೂರಲ್ಲಿ ಸಂಜೆ ತರಗತಿಗಳೂ ಇವೆ. ಕೇಂದ್ರದ ಉದ್ದಿಮೆಗಳ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 14.5 ಮೀಸಲು ಇದೆ. ಅರ್ಜಿ ಹಾಕು, ಆದರೆ ಅದು ಹೆಚ್ಚಾಗಿ ಟೆಕ್ನಿಷಿಯನ್ ಮಟ್ಟದ್ದು, ನೀನು ಕೇಳ್ತಿರೋ ಕುರ್ಚಿ ಅಲ್ಲ.

ಬೆಳಗಾವಿ ಇಎಂಇ:
ಸಾರ್ಜೆಂಟ್ ಸಾಹೇಬ್ರ, ನಾ ಫೌಜಿನಾಗ ಹೆಲಿಕಾಪ್ಟರ್ ಮ್ಯಾಲ 17 ವರ್ಷ ಕೆಲಸ ಮಾಡೀನ್ರಿ. ಎರಡು ಮಾತು ಹೇಳ್ತೀನಿ. ಮೊದಲನೇ ಇಂಟರ್‌ವ್ಯೂದಾಗ ಎಚ್‌ಆರ್ ಹುಡುಗ “ನಿಮಗ ಪೆನ್ಷನ್ ಬರ್ತದಲ್ಲ ಸರ್” ಅಂದು ಪಗಾರ ಮೂರನೇ ಒಂದು ಪಾಲು ಕಡಿಮಿ ಹೇಳಿದ. ಮಳ್ಳನಂಗ ಹೂಂ ಅಂದೆ. ಎರಡು ವರ್ಷ ಅದ ಪಗಾರದಾಗ ದುಡದೆ. ಪೆನ್ಷನ್ ಹಿಂದ ದುಡದದ್ದಕ್ಕ, ಪಗಾರ ಈಗ ದುಡಿಯೂದಕ್ಕ. ಅಷ್ಟ ಹೇಳಿ ಸುಮ್ಮ ಕೂಡ್ರಿ, ಅವರ ಮುಂದ ಮಾತಾಡ್ತಾರ.

ಎರಡನೇದು ಡ್ರಾಯಿಂಗ್. ನಾವು ಕಲ್ತದ್ದು ಫಸ್ಟ್ ಆಂಗಲ್, ಅಮೆರಿಕದ ಗಿರಾಕಿ ಕಳಸೂದು ಥರ್ಡ್ ಆಂಗಲ್. ಎಡಗಡೆಯಿಂದ ಕಂಡ ನೋಟ ಫಸ್ಟ್‌ದಾಗ ಬಲಗಡೆ ಬರೀತಾರ, ಥರ್ಡ್‌ದಾಗ ಎಡಗಡೆನ. ಮೂಲ್ಯಾಗ ಸಣ್ಣ ಚಿಹ್ನಿ ಇರ್ತದ. ಅದನ್ನ ನೋಡಲಿಲ್ಲಂದ್ರ ಎಡಗಡೆ ಪಾರ್ಟು ಬಲಗಡೆದು ಆಗಿ ಕೂಡ್ತದ. ನಾ ಒಂದ್ಸಲ ಪಾರ್ಟ್ ಹಿಡದಿಡೂ ಪೂರಾ ಫಿಕ್ಸ್ಚರ್ ಹಂಗ ಉಲ್ಟಾ ಮಾಡ್ಸಿದ್ದೆ. ಬೈಯಾಕ ಯಾರೂ ಬರ್ಲಿಲ್ಲ, ನೋಡಿ ನಕ್ಕು ಹೋದ್ರು. ಸುಬೇದಾರ್ ಸಾಹೇಬ್ರ ಬೈಗಳಾನ ಛಲೋ ಇತ್ತು ಅನಿಸ್ತು ನೋಡ್ರಿ.

ರನ್‌ವೇ ಪಕ್ಕದವ:
ಒಂದು ದಾರಿ ಯಾರೂ ಹೇಳಿಲ್ಲ. ನಾಗರಿಕ ವಿಮಾನಯಾನ ನೋಡಿಕೊಳ್ಳೋ ಡಿಜಿಸಿಎ ಕೊಡೋ ಎಎಂಇ, ಅಂದರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್ ಲೈಸೆನ್ಸ್. ಅದರಲ್ಲೂ ‘ಎಂಜಿನಿಯರ್’ ಅಂತಲೇ ಇದೆ, ಬಿ.ಇ. ಕೇಳಲ್ಲ. ನಿಮ್ಮ ಟ್ರೇಡಿಗೆ ಬಿ1 ಅನ್ನೋ ವರ್ಗ, ವಿಮಾನದ ಎಲೆಕ್ಟ್ರಾನಿಕ್ಸ್ ನೋಡೋ ಏವಿಯಾನಿಕ್ಸ್‌ನವರಿಗೆ ಬಿ2. ಮಿಲಿಟರಿ ಅನುಭವ ಲೆಕ್ಕಕ್ಕೆ ಬರುತ್ತೆ, ಆದರೂ ನಾಗರಿಕ ವಿಮಾನದ ಮೇಲೆ ಸ್ವಲ್ಪ ಕಾಲ ಕೆಲಸ ಮಾಡಲೇಬೇಕು. ಹೈಡ್ರಾಲಿಕ್ಸ್, ಎಂಜಿನ್ ನಿಮಗೆ ನೀರು ಕುಡಿದ ಹಾಗೆ. ಮುಗ್ಗರಿಸೋದು ಪರೀಕ್ಷೆಯ 10ನೇ ಮಾಡ್ಯೂಲಿನಲ್ಲಿ, ವಿಮಾನಯಾನ ಕಾನೂನು. ವಾಯುಪಡೆ ವಿಮಾನ ಆ ಕಾನೂನಿನ ಕೆಳಗೆ ಬರೋದೇ ಇಲ್ಲ, ಹಾಗಾಗಿ ಅಷ್ಟೂ ಹೊಸದು. ನಾನು ಎರಡು ಸಲ ಡುಮ್ಕಿ ಹೊಡೆದೆ. ಡಿಸೈನ್ ಹುಚ್ಚಿದ್ದರೆ ಈ ದಾರಿ ಬೇಡ. ವಿಮಾನದ ಹೊಟ್ಟೆ ಕೆಳಗೇ ಇರಬೇಕು ಅಂದರೆ ಇದಕ್ಕಿಂತ ಒಳ್ಳೇದಿಲ್ಲ.

ಕುಮಟಾ ಅಕ್ಕ:
ನಮ್ಮನೆಯವರು ನೇವಿ, ಗೋವಾದ ಹನ್ಸಾ ಅನ್ನೋ ನೇವಿ ವಿಮಾನ ನೆಲೆಯಲ್ಲಿ ಬಹಳ ವರ್ಷ ಇದ್ದವರು. ಹೊರಗೆ ಬಂದು ಡಿಪ್ಲೊಮಾ, ಆಮೇಲೆ ಸಂಜೆ ಬಿ.ಇ., ಈಗ ಎಂಜಿನಿಯರ್. ಎಲ್ಲರೂ ಅವರನ್ನ ಹೊಗಳ್ತಾರೆ, ಹೊಗಳಲಿ. ಆ ವರ್ಷಗಳಲ್ಲಿ ರಾತ್ರಿ ಹತ್ತೂವರೆಗೆ ಬಿಸಿ ಮಾಡಿದ ಸಾರನ್ನೇ ಮತ್ತೆ ಬಿಸಿ ಮಾಡಿದ್ದು ನಾನು. ಕ್ವಾರ್ಟರ್ಸ್ ಬಿಟ್ಟ ಮೇಲೆ ಬಾಡಿಗೆ, ಮಕ್ಕಳ ಶಾಲೆ ಫೀಸು ಎಲ್ಲ ಒಟ್ಟಿಗೇ ತಲೆ ಮೇಲೆ ಬಿತ್ತು. ಓದೋದು ಬೇಡ ಅಂತಿಲ್ಲ. ಆದ್ರೆ ನೀವು ಕೇಳಿದ್ದನ್ನ ಎರಡು ಸಲ ಓದಿದೆ ತಮ್ಮಾ, ನಿಮ್ಮ ಹೆಂಡತಿ ಅದರಲ್ಲಿ ಎಲ್ಲೂ ಇಲ್ಲ.

ನಿವೃತ್ತ ಡಿಸೈನರ್:
ನಾನು ಸೈನಿಕನಲ್ಲ, ಡ್ರಾಯಿಂಗ್ ಬೋರ್ಡಿನ ಕಡೆಯವನು. ಎಚ್‌ಎಎಲ್ ಪಕ್ಕದ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಬೈಯುತ್ತಾ ನಿಲ್ಲೋರಿಗೆ ಅದು ಯಾರ ಹೆಸರು ಅಂತ ಗೊತ್ತಿರಲ್ಲ. ಜರ್ಮನ್ ಡಿಸೈನರ್ ಕುರ್ಟ್ ಟ್ಯಾಂಕ್ ತಂಡ ಇಲ್ಲೇ ರೂಪಿಸಿದ ಮಾರುತ್ ಯುದ್ಧವಿಮಾನವನ್ನ 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ ವಾಯುಪಡೆ ಅಧಿಕಾರಿ ಅವರು. 1970ರಲ್ಲಿ ಮಾರುತ್ ಅಪಘಾತದಲ್ಲೇ ತೀರಿಕೊಂಡರು. ಹಾರಿಸಿದವನ ಮಾತು ಡಿಸೈನರ್ ಕೇಳಬೇಕು ಅನ್ನೋದನ್ನ ನಮ್ಮವರು ಯಾವತ್ತೋ ಒಪ್ಪಿದರು. ಬಿಚ್ಚಿ ಜೋಡಿಸಿದವನ ಮಾತೂ ಕೇಳಬೇಕು ಅಂತ ಒಪ್ಪೋಕೆ ತಡ ಮಾಡಿದೆವು.

ಈಗ ಅದಕ್ಕೆಂದೇ ಕೆಲಸಗಳಿವೆ. ಯಾವ ಭಾಗಕ್ಕೆ ಕೈ ಹೋಗುತ್ತೆ, ಬಿಚ್ಚೋಕೆ ಎಷ್ಟು ಹೊತ್ತು ಅಂತ ಡಿಸೈನ್ ಹಂತದಲ್ಲೇ ನೋಡೋದು ಒಂದು, ಮ್ಯಾನ್ಯುಯಲ್ ಬರೆಯೋದು ಇನ್ನೊಂದು. ಇವತ್ತು ಸೇರಿದ ಬಿ.ಇ. ಹುಡುಗನಿಗೆ ಅದು ಬರಲ್ಲ, ನಿಮಗೆ ಬರುತ್ತೆ. ಬಯೋಡೇಟಾದಲ್ಲಿ ‘ಸೆಕೆಂಡ್ ಲೈನ್ ಸರ್ವಿಸಿಂಗ್’ ಅಂತ ಮೂರು ಪದ ಬರೆದು ಬಿಡಬೇಡಿ, ಏನು ಬಿಚ್ಚಿದಿರಿ, ಏನು ಕಂಡಿರಿ, ಏನು ಸರಿ ಮಾಡಿದಿರಿ ಅಂತ ಬರೆಯಿರಿ. ಇಂಟರ್‌ವ್ಯೂ ತಗೊಳ್ಳುವಾಗ ಮಾಜಿ ಸೈನಿಕರಿಗೆ ನಾನು ಕೇಳ್ತಿದ್ದ ಪ್ರಶ್ನೆ ಒಂದೇ: ನೀವು ಅತಿ ಹೆಚ್ಚು ಬೈದ ಪ್ಯಾನೆಲ್ ಯಾವುದು?

ಅರಸೀಕೆರೆ ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ಕುಮಟಾ ಅಕ್ಕಾ, ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಸಾರಿನ ವಿಷಯ ಇನ್ನೊಂದ್ಸಲ ಓದಿ” ಅಂದಳು. ಭಾನುವಾರ ಕೂತು ಖರ್ಚಿನ ಲೆಕ್ಕ ಹಾಕ್ತೀವಿ.

ಡಿಸೈನರ್ ಸಾರ್, ಯಾವ ವಿಮಾನ ಅಂತ ಹೇಳೋ ಹಾಗಿಲ್ಲ, ಚಕ್ರ ಮಡಚಿ ಕೂರೋ ಗೂಡು, ವೀಲ್ ಬೇ ಒಳಗೆ ಒಂದು ಪ್ಯಾನೆಲ್ ಇದೆ. ಮೂಲೆಯ ಸ್ಕ್ರೂಗೆ ಡ್ರೈವರ್ ನೇರ ಕೂರಲ್ಲ, ಹೈಡ್ರಾಲಿಕ್ ಪೈಪ್ ಅಡ್ಡ. ಪೈಪ್ ಬಿಚ್ಚಿದರೆ ಲೀಕ್ ಚೆಕ್ ಮತ್ತೆ ಮಾಡಬೇಕು, ಹದಿನೈದು ನಿಮಿಷದ ಕೆಲಸಕ್ಕೆ ಅರ್ಧ ದಿನ. ಅದಕ್ಕೇ ಎಲ್ಲರೂ ಓರೆಯಾಗಿ ತಿರುಗಿಸಿ ಸ್ಕ್ರೂ ತಲೆ ಸವೆಸಿಟ್ಟಿದ್ದಾರೆ. ಪೈಪನ್ನ ಎರಡು ಬೆರಳು ಕೆಳಗೆ ಇಳಿಸಿದ್ದರೆ ಸಾಕಿತ್ತಲ್ಲ ಅಂತ ವರ್ಷಗಟ್ಟಲೆ ಬೈದಿದ್ದೀನಿ. ನಿನ್ನೆ ರಾತ್ರಿ ಮೊದಲ ಸಲ ಪೇಪರ್ ಮೇಲೆ ಗೀಚಿ ನೋಡಿದೆ. ಎರಡು ಬೆರಳು ಇಳಿಸಿದರೆ ಚಕ್ರ ಒಳಗೆ ಬಂದಾಗ ಟೈರಿಗೆ ತಗಲುತ್ತೆ ಸಾರ್. ಒಂದು ಬೆರಳು ಇಳಿಸಿದರೆ ಹೇಗೆ ಅಂತ ನೋಡ್ತಿದ್ದೀನಿ.