ಅಡಿಕೆ ದುಡ್ಡು ಮನೆ ಸಾಲದ ಅಸಲಿಗೆ ಕಟ್ಟಲಾ?

ಪ್ರಶ್ನೆ (ಶಿರಸಿ):
6 ವರ್ಷದ ಹಿಂದೆ 18 ಲಕ್ಷ ಮನೆ ಸಾಲ ಮಾಡಿದೆವು. 20 ವರ್ಷದ ಅವಧಿ, ಬಡ್ಡಿ 8.5. ತಿಂಗಳ ಕಂತು 15,620. ಇದುವರೆಗೆ 11 ಲಕ್ಷ ಕಟ್ಟಿದ್ದೇವೆ. ಅಸಲು ಮಾತ್ರ ಇನ್ನೂ 15 ಲಕ್ಷದ ಮೇಲಿದೆ! ಲೆಕ್ಕ ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಆವತ್ತಿನಿಂದ ಖರ್ಚು ಇಳಿಸಿದ್ದೇವೆ. ಮೊನ್ನೆ ಅಟ್ಟ ಖಾಲಿ ಮಾಡಿದೆ. ಕೆಟ್ಟ ಮಿಕ್ಸಿ ಮೂರು, ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರ ಏಳು, ಪೆಟ್ಟಿಗೆಯನ್ನೂ ಬಿಚ್ಚದ ಊಟದ ಸೆಟ್. ಇದ್ದದ್ದೇ ಗೊತ್ತಿರಲಿಲ್ಲ, ಮತ್ತೆ ಸುಮ್ನೆ ಹೊಸದು ತರುತ್ತಿದ್ದೆವು. ಅಜ್ಜಿಯ ತಾಮ್ರದ ಹಂಡೆ ಮಾತ್ರ ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಕಂಠದ ಮೇಲೆ ಅವರ ಹೆಸರಿದೆ.

ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿ ಒಂದೂವರೆ ಲಕ್ಷ ಉಳಿದಿದೆ. ಅಸಲಿಗೆ ಕಟ್ಟಿದರೆ ಬ್ಯಾಂಕಿನವರು ದಂಡ ಹಾಕುತ್ತಾರಾ?

ಉತ್ತರ (ಕಾರವಾರ):
ಬದಲಾಗುವ ಬಡ್ಡಿಯ ಸಾಲ ತಾನೇ? ಹಾಗಿದ್ದರೆ ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಒಂದೂವರೆ ಲಕ್ಷ ಕಟ್ಟಿದರೆ ಸುಮಾರು 28 ಕಂತು ಕಡಿಮೆಯಾಗುತ್ತದೆ. ಆದರೆ 'ಕಂತಿನ ಮೊತ್ತ ಇಳಿಸಬೇಡಿ, ಅವಧಿ ಇಳಿಸಿ' ಎಂದು ಬರೆದೇ ಕೊಡಿ. ನಾನು ಬಾಯಲ್ಲಿ ಹೇಳಿ ಬಂದೆ, ಅವರು ಕಂತಿನ ಮೊತ್ತ ಇಳಿಸಿಬಿಟ್ಟರು.

ಉತ್ತರ (ಕುಮಟಾ):
ಅಕ್ಕಾ, ಪೂರ್ತಿ ಕಟ್ಟಬೇಡಿ. ಮಳೆ ಜಾಸ್ತಿಯಾಗಿ ತೋಟಕ್ಕೆ ಕೊಳೆ ರೋಗ ಬಂದರೆ? ಮೂರು ಕಂತಿನ ದುಡ್ಡಾದರೂ ಕೈಯಲ್ಲಿರಲಿ.

ಉತ್ತರ (ಹೊನ್ನಾವರ):
ನಮ್ಮದು ಹೋದ ವರ್ಷ ಮುಗಿಯಿತು. ಸಾಲ ತೀರಿದ 30 ದಿನದೊಳಗೆ ಬ್ಯಾಂಕಿನವರು ಮನೆಯ ಮೂಲ ಪತ್ರ ವಾಪಸ್ ಕೊಡಬೇಕು. ಅವರಿಂದ ತಡವಾದರೆ ದಿನಕ್ಕೆ 5,000 ಪರಿಹಾರ. ಋಣಭಾರ ಪತ್ರದಲ್ಲಿ (ಆಸ್ತಿ ಮೇಲಿನ ಸಾಲ ತೋರಿಸುವ ಇ.ಸಿ.) ಸಾಲ ತೆಗೆದಿದ್ದಾರಾ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು:
ಸೋಮವಾರ 1 ಲಕ್ಷ ಕಟ್ಟುತ್ತೇನೆ, ಅರ್ಜಿ ಬರೆದಿಟ್ಟಿದ್ದೇನೆ. 50 ಸಾವಿರ ಮನೆಯಲ್ಲಿರಲಿ. ಹಂಡೆ ಬಚ್ಚಲಿಗೆ ಬಂತು.