ಲ್ಯಾಮಿಂಗ್ಟನ್ ರೋಡ್ ಕೊಟೇಶನ್: 55 ಸಾವಿರಕ್ಕೆ ಈ ಗೇಮಿಂಗ್ ಪಿಸಿ ಆಗಬಹುದಾ?

ಡೊಂಬಿವಲಿ ಹುಡುಗ
ಬಜೆಟ್ 55 ಸಾವಿರ, ಅದರ ಮೇಲೆ ಹೋಗುವ ಹಾಗಿಲ್ಲ. ಮಾನಿಟರ್ ಇದೆ (24 ಇಂಚು, 1080ಪಿ, 144 ಹರ್ಟ್ಸ್). ಆಡುವುದು ವ್ಯಾಲೊರಂಟ್, ಸೈಬರ್‌ಪಂಕ್ 2077. ಮುಂಬೈನ ಲ್ಯಾಮಿಂಗ್ಟನ್ ರೋಡ್ ಕಂಪ್ಯೂಟರ್ ಮಾರ್ಕೆಟಿನ ಅಂಗಡಿಯವರು ಬರೆದುಕೊಟ್ಟದ್ದು: ಐ5-12400ಎಫ್ ಪ್ರೊಸೆಸರ್, ಎಚ್610 ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ ಸ್ಟಿಕ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಜಿಟಿಎಕ್ಸ್ 1650 4 ಜಿಬಿ ಗ್ರಾಫಿಕ್ಸ್ ಕಾರ್ಡ್, ನಾಲ್ಕು ಆರ್‌ಜಿಬಿ ಫ್ಯಾನಿನ ಗಾಜಿನ ಕ್ಯಾಬಿನೆಟ್, ‘500 ವ್ಯಾಟ್’ ಎಸ್‌ಎಂಪಿಎಸ್ (ಪವರ್ ಸಪ್ಲೈ). ಏನು ಬದಲಾಯಿಸಲಿ?

ಕುಂದಾಪುರ ಟು ಕುರ್ಲಾ
ಮೊದಲು ಕಾರ್ಡ್ ಬದಲಿಸಿ ಮಾರಾಯ್ರೆ. 1650 ಬಂದದ್ದು 2019ರಲ್ಲಿ. ಸೈಬರ್‌ಪಂಕ್‌ನಲ್ಲಿ ಟೆಕ್ಸ್ಚರ್ (ಚಿತ್ರದ ಸೂಕ್ಷ್ಮತೆ) ಹೈ ಇಟ್ಟರೆ ಕಾರ್ಡಿನ 4 ಜಿಬಿ ಮೆಮೊರಿ ತುಂಬಿ, ಉಳಿದದ್ದು ಸಿಸ್ಟಮ್ ರ‍್ಯಾಮಿಗೆ ಹೋಗುತ್ತದೆ. ಆಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗೇ ಕಂಡರೂ ಆಟ ತಡವರಿಸುತ್ತದೆ. ಆರ್‌ಎಕ್ಸ್ 6600 8 ಜಿಬಿ ಕೇಳಿ, ವೇಗ ಸುಮಾರು ಇಮ್ಮಡಿ. ಅದಿಲ್ಲ, 6500 ಎಕ್ಸ್‌ಟಿ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಅದೂ 4 ಜಿಬಿ, ಬೋರ್ಡಿಗೂ ಕಾರ್ಡಿಗೂ ಡೇಟಾ ಓಡಾಡುವ ಪಿಸಿಐಇ ಲೇನ್ ನಾಲ್ಕೇ, ಆಟ ರೆಕಾರ್ಡ್ ಮಾಡಲು ನೆರವಾಗುವ ವಿಡಿಯೊ ಎನ್‌ಕೋಡರ್ ಕೂಡ ಇಲ್ಲ.

ದುಡ್ಡು ಹೊಂದಿಸಲು 12400ಎಫ್ ಬದಲು ಐ3-12100ಎಫ್ ಹಾಕಿ. ಬೋರ್ಡ್ ಅದೇ, ಮುಂದೆ ಬೇಕಾದಾಗ ಪ್ರೊಸೆಸರ್ ಮಾತ್ರ ಬದಲಿಸಬಹುದು. ಗಾಜಿನ ಕ್ಯಾಬಿನೆಟ್ ಬೇಡ, ಎದುರು ಗಾಜಿದ್ದರೆ ಗಾಳಿ ಎಲ್ಲಿಂದ ಬರಬೇಕು? ಜಾಲರಿ ಇರುವುದು ತಗೊಳ್ಳಿ, ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಸಾಕು.

ಠಾಣೆ ಪಾಟೀಲ
ಕಾರ್ಡಿನ ಮಾತು ಬರೋಬ್ಬರಿ ಅದ, 12100ಎಫ್ ಮಾತ್ರ ಬ್ಯಾಡ್ರಿ. ಸೈಬರ್‌ಪಂಕ್‌ನಾಗ ಮಂದಿ ತುಂಬಿದ ಓಣಿಗೆ ಹೋದ್ರ ಅದರ 4 ಕೋರ್ ಪೂರಾ ದಣೀತಾವ, ಹಿಂದ ಡಿಸ್ಕಾರ್ಡ್ (ಆಡ್ತಾ ಮಾತಾಡೋ ಆ್ಯಪ್) ಇದ್ರಂತೂ ಕೇಳಬ್ಯಾಡ್ರಿ. 6 ಕೋರಿನ 12400ಎಫ್ ಇರ್ಲಿ. ರೊಕ್ಕ ರ‍್ಯಾಮಿನಾಗ ಉಳಸ್ರಿ. 2025ರ ಕೊನೀಂದ ಹೊಸಾ ರ‍್ಯಾಮಿನ ದರ ಭಾಳ ಏರ್ಯದ, ಸೆಕೆಂಡ್ ಹ್ಯಾಂಡ್ ಡಿಡಿಆರ್4 3200 8+8 ಜಿಬಿ ಎರಡು ಸ್ಟಿಕ್ ತಗೊಂಡ್ರ ನಡೀತದ. ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ನಾಲ್ಕು ಪಾಸ್ ಓಡಸ್ರಿ, ಒಂದ ಎರರ್ ಬಂದ್ರೂ ವಾಪಸ್ ಕೊಡ್ರಿ. ಒಂದ ಸ್ಟಿಕ್ ಹಾಕಿದ್ರ ಸಿಂಗಲ್ ಚಾನೆಲ್ (ಡೇಟಾಕ್ಕ ಒಂದ ದಾರಿ) ಆಗಿ ಎಫ್‌ಪಿಎಸ್ ಬೀಳ್ತದ. ಬಯಾಸಿನಾಗ (ಬೋರ್ಡಿನ ಸೆಟ್ಟಿಂಗ್) ಎಕ್ಸ್‌ಎಂಪಿ (ರ‍್ಯಾಮ್ ಪೂರಾ ಸ್ಪೀಡಿನಾಗ ಓಡಿಸೋ ಆಪ್ಷನ್) ಆನ್ ಮಾಡೋದು ಮರೀಬ್ಯಾಡ್ರಿ, ಇಲ್ಲಾಂದ್ರ ಭಾಳ ಸಲ 3200ರ ರ‍್ಯಾಮ್ ಕಡಿಮಿ ಸ್ಪೀಡಿನಾಗ ಓಡ್ತದ.

ವೋಲ್ಟು ವ್ಯಾಟು
ಎಸ್‌ಎಂಪಿಎಸ್ ಬಗ್ಗೆ ಯಾರೂ ಬಾಯೇ ಬಿಡಲಿಲ್ಲವಲ್ಲ! ‘500 ವ್ಯಾಟ್’ ಅಂತ ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಬಿಟ್ಟು, ಸ್ಟಿಕ್ಕರಿನಲ್ಲಿ +12 ವೋಲ್ಟಿನ ಸಾಲು ಓದಿ. 16 ಆಂಪ್ ಅಂತಿದ್ದರೆ 12×16, ಬರೀ 192 ವ್ಯಾಟ್. 6600 ಕಾರ್ಡಿಗೆ 132 ವ್ಯಾಟ್ ಬೇಕು, 12400ಎಫ್ ಟರ್ಬೊದಲ್ಲಿ 117ರವರೆಗೆ ಎಳೆಯುತ್ತದೆ. ಕೂಡಿಸಿದರೆ 249. ಆಟದ ಮಧ್ಯೆ ನೀಲಿ ಸ್ಕ್ರೀನೂ ಬಾರದೆ ಪಿಸಿ ತಟ್ಟನೆ ರೀಸ್ಟಾರ್ಟ್ ಆಗುವುದಕ್ಕೆ ಬಹಳ ಸಲ ಇದೇ ಕಾರಣ. 12 ವೋಲ್ಟಿಗೆ 36 ಆಂಪ್ ಆಸುಪಾಸು ಇರುವ, 80 ಪ್ಲಸ್ ಬ್ರಾಂಜ್ (ದಕ್ಷತೆಯ ದರ್ಜೆ) 450 ಅಥವಾ 550 ವ್ಯಾಟಿನದು ತಗೊಳ್ಳಿ. ಕಾರ್ಡಿನ 8 ಪಿನ್ ವೈರ್ ಎಸ್‌ಎಂಪಿಎಸ್‌ನಿಂದಲೇ ಬರಬೇಕು, ಮೋಲೆಕ್ಸ್ (ಹಳೇ 4 ಪಿನ್) ಕನ್ವರ್ಟರ್ ಹಾಕಿಸಬೇಡಿ, ಸುಡಬಹುದು.

ಮನೆ ಹಳೇ ಚಾಳಿನಲ್ಲಿದ್ದರೆ ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದರೆ ಅರ್ಥಿಂಗ್ ಇಲ್ಲ ಅಂತಲೇ ತಿಳಿಯಿರಿ.

ಡೊಂಬಿವಲಿ ಹುಡುಗ
ಹಾಗಾದರೆ 12400ಎಫ್ ಇರಲಿ, ಹಳೇ ರ‍್ಯಾಮ್ 8+8. ಹೊಸ 6600 ಲೆಕ್ಕಕ್ಕೆ ಕೂರದಿದ್ದರೆ ಹಳೆಯದು ತಗೊಳ್ಳಬಹುದಾ?

ಕುಂದಾಪುರ ಟು ಕುರ್ಲಾ
ತಗೊಳ್ಳಿ, ಆದರೆ ಅಂಗಡಿಯಲ್ಲೇ ಓಡಿಸಿ ನೋಡಿ. ಮೊದಲು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆಯಿರಿ, ಒಳಗಿನ ಬಯಾಸ್ ತಿದ್ದಿದ ನಕಲಿ ಕಾರ್ಡಾದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಕಾರ್ಡನ್ನು ಪೂರ್ತಿ ದುಡಿಸುವ ಫರ್‌ಮಾರ್ಕ್ 15 ನಿಮಿಷ. ಪರದೆಯ ಮೇಲೆ ಚುಕ್ಕೆ ಬರಬಾರದು, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) 100 ಡಿಗ್ರಿ ದಾಟಬಾರದು, ಫ್ಯಾನ್ ಕರಕರ ಅನ್ನಬಾರದು. ಹೊಸ ಭಾಗಗಳ ಸೀರಿಯಲ್ ನಂಬರ್ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿ, ವಾರಂಟಿಗೆ ಹೋದಾಗ ಕೇಳುವುದು ಅದನ್ನೇ. ಭಾನುವಾರ ಹೋಗಬೇಡಿ, ಅಲ್ಲಿ ಹೆಚ್ಚಿನ ಅಂಗಡಿ ಬಂದ್.

ಮನೆಗೆ ತಂದ ಮೇಲೆ ಮಾನಿಟರಿನ ಕೇಬಲ್ ಕಾರ್ಡಿಗೇ ಚುಚ್ಚಿ. ‘ಎಫ್’ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪೇ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಹರ್ಟ್ಸ್ ನೀವೇ ಆರಿಸಬೇಕು, ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ.

ಠಾಣೆ ಪಾಟೀಲ
ಇನ್ನೊಂದು: ವಿಂಡೋಸ್ 11ರಾಗ ವ್ಯಾಲೊರಂಟ್‌ಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ (ಬಯಾಸಿನ ಭದ್ರತಾ ಸೆಟ್ಟಿಂಗ್) ಎರಡೂ ಬೇಕ್ರಿ. ಬಯಾಸಿನಾಗ ಟಿಪಿಎಂ ಅಂತ ಹುಡುಕಿದ್ರ ಸಿಗಲಿಕ್ಕಿಲ್ಲ, ಇಂಟೆಲ್ ಬೋರ್ಡಿನಾಗ ಅದರ ಹೆಸರು ಪಿಟಿಟಿ.